ಐದರಿಂದ ಹತ್ತರವರೆಗೆ ಮಾತಾಡಿಸಬೇಡಿ

ಮಹಾರಾಷ್ಟ್ರದ ಉಲ್ಹಾಸನಗರದ ಕ್ಯಾಂಪ್ ನಾಲ್ಕರಲ್ಲಿ ಉಡುಪಿ ಕಡೆಯ ಒಂದು ಸಂಸಾರ. ಯಜಮಾನರು ಕಲ್ಯಾಣದ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುತ್ತಾರೆ. ಮನೆಯಾಕೆ ಜೀನ್ಸ್ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸುವ ಕೆಲಸವನ್ನು ಮನೆಗೇ ತರಿಸಿಕೊಳ್ಳುತ್ತಾರೆ. ಅವರ ಅಡುಗೆಮನೆಯ 2025ರ ಗೋಡೆ ಕ್ಯಾಲೆಂಡರ್ ಡಿಸೆಂಬರಿನಲ್ಲಿ ಮಾತಿಗೆ ಸಿಕ್ಕಿತು. ಮೊಳೆಗೆ ಒಂದು ಬಾಲ್‌ಪೆನ್ ಕಟ್ಟಿತ್ತು, ಜೀನ್ಸಿನದೇ ಕಿತ್ತಳೆ ದಾರದಲ್ಲಿ.

ಪ್ರಶ್ನೆ: ತಮ್ಮ ಕುಲಗೋತ್ರ?

ಕ್ಯಾಲೆಂಡರ್: ನಾವು ಕಾಲನಿರ್ಣಯ. 1973ರಲ್ಲಿ ಜಯಂತರಾವ್ ಸಾಳಗಾಂವ್ಕರ್ ಮುಂಬೈಯಲ್ಲಿ ಶುರು ಮಾಡಿದ್ದು. ನನ್ನದು ಕನ್ನಡ ಶಾಖೆ. ತಿಥಿ, ನಕ್ಷತ್ರ, ಸಂಕಷ್ಟಿ ಎಲ್ಲ ಅಚ್ಚಾಗಿಯೇ ಬಂದಿದ್ದೆ. ಈ ಮನೆಯವರು ಹಾಲು, ಗ್ಯಾಸು, ಭಿಶಿ (ಅಂದರೆ ಚೀಟಿ ಹಣ) ಸೇರಿಸಿದರು.

ಪ್ರಶ್ನೆ: ಮನೆಯ ಹಣಕಾಸು ಹೇಗಿದೆ?

ಕ್ಯಾಲೆಂಡರ್: ಐದನೇ ತಾರೀಕಿಗೆ ಮೊಬೈಲಿನ ಕಂತು. ಹತ್ತಕ್ಕೆ ಸಂಬಳ. ನಡುವಿನ ಐದು ದಿನ ನನ್ನ ಎದುರು ಯಾರೂ ನಿಲ್ಲುವುದಿಲ್ಲ. ಖಾತೆಯಲ್ಲಿ ದುಡ್ಡಿಲ್ಲದೆ ಕಂತು ವಾಪಸಾದರೆ ಬ್ಯಾಂಕು ದಂಡ ಹಿಡೀತದೆ, ಆ ದಂಡದ ಮೇಲೆ ಶೇಕಡ 18 ಜಿಎಸ್‌ಟಿ. ದುಡ್ಡಿಲ್ಲ ಅಂತ ಹೇಳಿದ್ದಕ್ಕೂ ತೆರಿಗೆ, ಮಾರಾಯ್ರೆ.

ಪ್ರಶ್ನೆ: ಕಂತಿನ ತಾರೀಕು ಹನ್ನೆರಡಕ್ಕೆ ಹಾಕಿಕೊಡಿ ಅಂತ ಕೇಳಬಹುದಲ್ಲ?

ಕ್ಯಾಲೆಂಡರ್: ಕೇಳಿದರೆ ಮನೆಗೆ ಫೋನ್ ಬರ್ತದೆ. ಆ ಮೊಬೈಲು ಹೋಟೆಲ್ ಮಾಲೀಕರು ಮೆಚ್ಚಿ ಕೊಟ್ಟದ್ದು ಅಂತ ಹೆಂಡತಿಗೆ ಹೇಳಿಯಾಗಿದೆ. ನೋಡಿ, ನನ್ನ ಮೈಮೇಲೆ ಐದು ರೂಪಾಯಿಯ ಕೊತ್ತಂಬರಿ ಸೊಪ್ಪೂ ಇದೆ. ಹಾಲಿನವ ಬಾರದ ದಿನಕ್ಕೆ ಕೆಂಪು ಅಡ್ಡಗೆರೆ ಇದೆ, ಅರ್ಧ ಲೀಟರಿಗಾಗಿ ತಿಂಗಳ ಕೊನೆಗೆ ಜಗಳವೂ ಇದೆ. ಮೊಬೈಲ್ ಕಂತು ಮಾತ್ರ ಯಾವ ಚೌಕದಲ್ಲೂ ಇಲ್ಲ. ಇವರ ಲೆಕ್ಕ ಯಾವತ್ತೂ ತಪ್ಪುವುದಿಲ್ಲ, ಯಾಕೆಂದರೆ ದೊಡ್ಡದನ್ನು ಬರೆಯುವುದೇ ಇಲ್ಲ.

ಪ್ರಶ್ನೆ: ಆಕೆ?

ಕ್ಯಾಲೆಂಡರ್: ಆಕೆಯೇನು ಕಡಿಮೆ? ಭಿಶಿಯಲ್ಲಿ ಹನ್ನೆರಡು ಹೆಂಗಸರು, ತಿಂಗಳಿಗೆ ತಲೆಗೆ ಎರಡು ಸಾವಿರ. ಮಾರ್ಚಿನಲ್ಲೇ ಇವಳ ಚೀಟಿ ಎದ್ದು 24,000 ಬಂತು. ಗಂಡನಿಗೆ ಹೇಳಿದ್ದು 'ಇನ್ನೂ ನಂಬರ್ ಬರಲಿಲ್ಲ' ಅಂತ. ದುಡ್ಡು ತಮ್ಮನ ರಿಕ್ಷಾಕ್ಕೆ ಹೋಯಿತು. ಪ್ರತಿ ಹದಿನೈದಕ್ಕೆ ನನ್ನಲ್ಲಿ 'ಭಿ' ಅಂತ ಬರೀತಾಳೆ. ಅದು ಭಿನ್ನಾಭಿಪ್ರಾಯದ 'ಭಿ' ಅಂತ ಗಂಡ ತಿಳಿದಿದ್ದಾನೋ ಏನೋ, ಕೇಳಿಲ್ಲ.

ಪ್ರಶ್ನೆ: ಹಿಂದಿನವರು ಹೇಗೆ ಉಳಿಸುತ್ತಿದ್ದರು?

ಕ್ಯಾಲೆಂಡರ್: ಇವರ ಊರಿನಲ್ಲೇ, ಉಡುಪಿಯಲ್ಲಿ, ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಇದ್ದರೆ ಸಾಕಿತ್ತು. ಏಜೆಂಟ್ ಮನೆ ಬಾಗಿಲಿಗೇ ಬಂದು ವಸೂಲಿ ಮಾಡುತ್ತಿದ್ದ. ಅಂಗಳದಲ್ಲಿ ಎಲ್ಲರೆದುರು ಎಣಿಸಿ ಕೊಡುವಾಗ ಮುಚ್ಚಿಡುವುದು ಹೇಗೆ? ಆ ಬ್ಯಾಂಕು 2020ರ ಏಪ್ರಿಲ್ ಒಂದಕ್ಕೆ ಕೆನರಾದಲ್ಲಿ ವಿಲೀನವಾಯಿತು. ಅಂಗಳ ಅದಕ್ಕೂ ಮೊದಲೇ ಹೋಗಿತ್ತು.

ಪ್ರಶ್ನೆ: ಸರ್ಕಾರದ ನೆರವು?

ಕ್ಯಾಲೆಂಡರ್: ಇಲ್ಲಿನ ಸರ್ಕಾರದ 'ಲಾಡಕಿ ಬಹೀಣ' ಯೋಜನೆಯಲ್ಲಿ ಹೆಂಗಸರಿಗೆ ತಿಂಗಳಿಗೆ 1,500. ಚುನಾವಣೆಯಲ್ಲಿ 2,100 ಮಾಡುತ್ತೇವೆ ಅಂದಿದ್ದರು. ನಂಬಿ ಜನವರಿ ಪುಟದ ಮೂಲೆಯಲ್ಲಿ ಹೆಚ್ಚುವರಿ ಆರುನೂರನ್ನು ಪೆನ್ಸಿಲಿನಲ್ಲಿ ಬರೆದಳು. ಪೆನ್ಸಿಲೇ ಹಿಡಿದಳಲ್ಲ, ಅದಕ್ಕೇ ಅವಳ ಮೇಲೆ ನನಗೆ ಗೌರವ. ಕುಂದಾಪುರದಲ್ಲಿರುವ ಅಕ್ಕನಿಗೆ ಕರ್ನಾಟಕದ ಗೃಹಲಕ್ಷ್ಮಿಯ 2,000. ಮದುವೆಯಾಗಿ ಗಡಿ ದಾಟಿದ್ದಕ್ಕೆ ತಿಂಗಳಿಗೆ ಐನೂರು ನಷ್ಟ ಅಂತ ಗಂಡನಿಗೆ ಆಗಾಗ ಜ್ಞಾಪಿಸುತ್ತಾಳೆ.

ಪ್ರಶ್ನೆ: ಈ ವರ್ಷದ ಮರೆಯಲಾಗದ ದಿನ?

ಕ್ಯಾಲೆಂಡರ್: ಆಗಸ್ಟ್ ಎಂಟು, ಶುಕ್ರವಾರ. ವರಮಹಾಲಕ್ಷ್ಮಿ. ಈ ಊರು ಹುಟ್ಟಿದ ದಿನವೂ ಅದೇ. 1949ರ ಆಗಸ್ಟ್ ಎಂಟಕ್ಕೆ ರಾಜಾಜಿ ಇಲ್ಲಿ ಅಡಿಗಲ್ಲು ಹಾಕಿದರು. ಆಸ್ತಿ-ಪಾಸ್ತಿ ಬಿಟ್ಟು ಬಂದ ಸಿಂಧಿಗಳು ಮಿಲಿಟರಿ ಬ್ಯಾರಕ್‌ಗಳಲ್ಲಿ ಕೂತು ವ್ಯಾಪಾರ ಕಟ್ಟಿದ ಊರು ಇದು. ಅಂಥ ಊರಿಗೆ, ಅಂಥ ದಿನ ಲಕ್ಷ್ಮಿ ಬಂದಳು. ಆದರೆ ಬಂದದ್ದು ಐದಕ್ಕೂ ಹತ್ತಕ್ಕೂ ನಡುವೆ! ಕಲಶಕ್ಕೆ ಹಾಕುವ ನಾಣ್ಯವನ್ನು ಮಗನ ಹುಂಡಿಯಿಂದ ತೆಗೆದರು. ಅವನೂ ಅದನ್ನು ನನ್ನಲ್ಲಿ ಬರೆದಿದ್ದಾನೆ: 'ಅಮ್ಮ 11 ರೂ. ಬಾಕಿ'. ಇಡೀ ಮನೆಯಲ್ಲಿ ನಿಜವಾದ ಲೆಕ್ಕ ಅದೊಂದೇ.

ಪ್ರಶ್ನೆ: ಉಳಿತಾಯ ಏನೂ ಇಲ್ಲವೇ?

ಕ್ಯಾಲೆಂಡರ್: ಇದೆ, ಅದೇ ಆಗಸ್ಟಿನಲ್ಲಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು ಕಾನೂನು ಮಾಡಿ ನಿಷೇಧಿಸಿತು. ಯಜಮಾನರ ರಮ್ಮಿ ನಿಂತಿತು. ಈ ಮನೆಯ ಅತಿದೊಡ್ಡ ಉಳಿತಾಯ ಯೋಜನೆಯನ್ನು ರೂಪಿಸಿದ್ದು ಲೋಕಸಭೆ, ರಾಜ್ಯಸಭೆ ಎರಡೂ ಸೇರಿ. ಆಕೆಗೆ ಇದೂ ಗೊತ್ತಿಲ್ಲ. 'ಇತ್ತೀಚೆಗೆ ಇವರು ಬೇಗ ಮಲಗ್ತಾರೆ' ಅಂತ ಪಕ್ಕದ ಮನೆಯವರಲ್ಲಿ ಹೊಗಳ್ತಿದ್ದಳು.

ಪ್ರಶ್ನೆ: ಜನವರಿ ಬಂದ ಮೇಲೆ ನಿಮ್ಮ ಗತಿ?

ಕ್ಯಾಲೆಂಡರ್: ಮಗನ ಪುಸ್ತಕಕ್ಕೆ ಬೈಂಡು. ಅದಿರಲಿ, ನಿಮ್ಮ ಪತ್ರಿಕೆ ಸಂದರ್ಶನಕ್ಕೆ ಸಂಭಾವನೆ ಕೊಡ್ತದಾ? ಕೊಡುವುದಾದರೆ ನಾಲ್ಕನೇ ತಾರೀಕಿನೊಳಗೆ ಕೊಡಿ. ಯಾರ ಕೈಗೆ ಅಂತ ಮಾತ್ರ ನನ್ನನ್ನು ಕೇಳಬೇಡಿ.