ನಿಘಂಟು ಮೇಷ್ಟ್ರು

ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಇವರ ಗುರುತು ಹಿಡಿಯುವುದು ಸುಲಭ. ಉಳಿದವರ ಕಂಕುಳಲ್ಲಿ ಹಾಜರಿ ಪುಸ್ತಕವಿದ್ದರೆ ಇವರ ಕಂಕುಳಲ್ಲಿ ಖಾಕಿ ಬೈಂಡು ಹಾಕಿದ ನಿಘಂಟು. ಸ್ವಂತ ಹೆಸರು ಸಂಬಳದ ಬಿಲ್ಲಿನಲ್ಲಿ ಮಾತ್ರ ಉಳಿದಿದೆ. ಊರಿಗೆಲ್ಲ ಅವರು ನಿಘಂಟು ಮೇಷ್ಟ್ರು.

ಅರ್ಥ ಕೇಳಿದರೆ ಇವರು ಹೇಳುವುದಿಲ್ಲ. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ ಹೇಳುವುದಿಲ್ಲ. ‘ಸಾರ್, ಪುರ್ಬು ಅಂದ್ರೇನು?’ ಎಂದು ಹುಡುಗ ಎದ್ದು ನಿಂತರೆ, ಎರಡೂ ಹುಬ್ಬು ಮೇಲೇರಿಸಿ ‘ನೋಡು’ ಎನ್ನುತ್ತಾರೆ. ಹುಡುಗ ಪಾಪ ಪಕಾರವನ್ನೆಲ್ಲ ಜಾಲಾಡುತ್ತಾನೆ. ಉತ್ತರ ಮೇಷ್ಟ್ರ ಮುಖದ ಮೇಲೇ ಇತ್ತೆಂದು ಗೊತ್ತಾಗುವುದು ಆಮೇಲೆ. ಮನೆಯಲ್ಲೂ ಇದೇ ಕಥೆ. ಹೆಂಡತಿ ಸಿಟ್ಟಿನಲ್ಲಿ ‘ನಿಮ್ಮಂಥ ಶುಂಠನ್ನ ನಾನು ನೋಡೇ ಇಲ್ಲ’ ಎಂದರೆ, ಇವರು ಜಗಳ ಅಲ್ಲಿಗೇ ಬಿಟ್ಟು ಶಕಾರ ತೆಗೆಯುತ್ತಾರೆ.

ಶಾಲೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ‘ಕನ್ನಡ ನಿಘಂಟು’ ಇದೆ. ಎಂಟು ಸಂಪುಟ, ಒಂಬತ್ತು ಸಾವಿರಕ್ಕೂ ಹೆಚ್ಚು ಪುಟ; ಕೊನೆಯ ಸಂಪುಟ ಹೊರಬಂದದ್ದು 1995ರಲ್ಲಿ. ಇದೆ ಎಂದರೆ ಬೀರುವಿನಲ್ಲಿದೆ. ಬೀರುವಿನ ಬೀಗದ ಕೈ ಹೆಡ್ಮಿಸ್ ವ್ಯಾನಿಟಿ ಬ್ಯಾಗಿನಲ್ಲಿದೆ. ಪುಸ್ತಕ ಡೆಡ್ ಸ್ಟಾಕ್ ರಿಜಿಸ್ಟರಿಗೆ ಏರಿರುವುದರಿಂದ ಮಕ್ಕಳು ಪುಟ ಹರಿದರೆ ಆಡಿಟ್‌ನವರಿಗೆ ಉತ್ತರ ಕೊಡಬೇಕಲ್ಲ! ಅದಕ್ಕೇ ಮೇಷ್ಟ್ರು ಕೈಯಿಂದ ದುಡ್ಡು ಹಾಕಿ ಹತ್ತು ಚಿಕ್ಕ ನಿಘಂಟು ತಂದಿದ್ದಾರೆ. ಬೆಂಚಿಗೊಂದು.

ಕೊಟ್ಟ ಮೊದಲ ದಿನ ಮಕ್ಕಳು ಏನು ಹುಡುಕುತ್ತಾರೆಂಬುದು ಅವರಿಗೆ ಗೊತ್ತು. ಬೈಗುಳ. ಆ ಹತ್ತು ನಿಮಿಷ ಕಿಟಕಿಯ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಅಷ್ಟು ಶ್ರದ್ಧೆಯಿಂದ ಮಕ್ಕಳು ಕಾಗುಣಿತ ನೆನೆಸಿಕೊಳ್ಳುವುದು ಬೇರೆ ಯಾವ ಪಾಠದಲ್ಲೂ ಇಲ್ಲ.

ಎರಡನೇ ದಿನ ಅಸಲು ಪಾಠ. ಗೋಡೆಯ ವರ್ಣಮಾಲೆ ಚಾರ್ಟಿನಲ್ಲಿ ಕ್ಷ, ಜ್ಞ ಎರಡೂ ಕಟ್ಟಕಡೆಗಿವೆ. ಅದನ್ನೇ ನಂಬಿದ ಹಿಂದಿನ ಬೆಂಚಿನವನು ‘ಕ್ಷಮೆ’ಯನ್ನು ಹುಡುಕುತ್ತ ಹಕಾರ, ಳಕಾರ ದಾಟಿ ರಟ್ಟಿಗೆ ಬಂದು ನಿಲ್ಲುತ್ತಾನೆ.

‘ಕ್ಷಮೆ ಇಲ್ಲ ಸಾರ್.’

‘ನನ್ನ ಹತ್ರಾನೂ ಇಲ್ಲ. ಕಕಾರದಲ್ಲಿ ಹುಡುಕು.’

ಕೌ ಮುಗಿದ ಮೇಲೆ ಒತ್ತಕ್ಷರದ ಸಾಲು: ಕ್ರಮ, ಕ್ಲೇಶ, ಆಮೇಲೆ ಕ್ಷಮೆ. ಜ್ಞಾನ ಇರುವುದು ಜಕಾರದಲ್ಲಿ. ಇನ್ನು ‘ಅಂ’ ಚಾರ್ಟಿನಲ್ಲಿ ಸ್ವರಗಳ ಬಾಲದಲ್ಲಿದ್ದರೂ ಬಹುತೇಕ ನಿಘಂಟುಗಳಲ್ಲಿ ಅಂಕ, ಅಂಗಡಿ ಮೊದಲ ಪುಟಗಳಲ್ಲೇ ಕೂತಿರುತ್ತವೆ. ಇದನ್ನೆಲ್ಲ ಹೇಳಿಕೊಡದೆ ‘ನಿಘಂಟು ನೋಡಿ ಬರೆಯಿರಿ’ ಎಂದು ಹೋಮ್‌ವರ್ಕ್ ಕೊಡುವವರ ಮೇಲೆ ಮೇಷ್ಟ್ರಿಗೆ ಕೆಂಡದಂಥ ಕೋಪ. ಅದರಲ್ಲಿ ತಪ್ಪೇನೂ ಇಲ್ಲ.

ಕ್ರಿಯಾಪದದ ದಿನ ತರಗತಿಯೇ ಪೊಲೀಸ್ ಠಾಣೆ. ‘ನಿಂತನು’ ನಕಾರದಲ್ಲಿ ಸಿಗಲಿಲ್ಲವೆಂದು ಹುಡುಗಿ ಪುಸ್ತಕ ಮುಚ್ಚಿದರೆ, ‘ಅವನ ಮೂಲ ವಿಚಾರಿಸಿದೆಯೇನಮ್ಮಾ?’ ಎಂಬ ಪ್ರಶ್ನೆ. ನಿಂತನು ಎಂದರೆ ನಿಲ್ಲು, ತಂದಳು ಎಂದರೆ ತರು, ಸತ್ತಿತು ಎಂದರೆ ಸಾಯು. ವೇಷ ಕಳಚಿ ಮೂಲ ಧಾತು ಒಪ್ಪಿಕೊಳ್ಳುವ ತನಕ ಪದಕ್ಕೆ ಬಿಡುಗಡೆಯಿಲ್ಲ.

ಇಷ್ಟೆಲ್ಲ ಮಾಡಿದರೂ ಗೆಲ್ಲುವುದು ಪಠ್ಯಪುಸ್ತಕವೇ. ಪಾಠದ ಕೊನೆಗೆ ‘ಪದಗಳ ಅರ್ಥ’ ಎಂದು ಅಚ್ಚುಕಟ್ಟಾಗಿ ಅಚ್ಚು ಹಾಕಿಟ್ಟಿದ್ದಾರೆ. ಅದೂ ಸಾಲದವರಿಗೆ ಗೈಡು. ಬಡಿಸಿದ್ದನ್ನು ಬಿಟ್ಟು ಒಲೆ ಹಚ್ಚುವ ಮಗು ಎಲ್ಲಿದೆ? ಆ ಪಟ್ಟಿಯ ಮೇಲೆ ಕಾಗದ ಅಂಟಿಸಲು ಹೋಗಿ ಮೇಷ್ಟ್ರು ಮೆಮೊ ತಿಂದಿದ್ದೂ ಉಂಟು.

ಅವರ ದೇವರ ಗೂಡಿನ ಪಕ್ಕ ಇಬ್ಬರ ಚಿತ್ರಗಳಿವೆ. ಒಬ್ಬರು ಕಿಟೆಲ್, 1894ರಲ್ಲಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಮಂಗಳೂರಿನಲ್ಲಿ ಅಚ್ಚು ಮಾಡಿಸಿದ ಜರ್ಮನ್ ಪಾದ್ರಿ. ಇನ್ನೊಬ್ಬರು 107 ವರ್ಷ ಬಾಳಿದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯ. ಜೀವಿಯವರ ಮೇಲೆ ಒಂದೇ ಒಂದು ಆಕ್ಷೇಪ: ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ್ದಕ್ಕೆಲ್ಲ ಅರ್ಥ ಹೇಳಿಬಿಟ್ಟರಂತೆ, ‘ನೋಡು’ ಅನ್ನಬೇಕಿತ್ತಂತೆ! ಇನ್ನು ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ ಲಕ್ಷಕ್ಕೂ ಮೀರಿದ ಪದಗಳು ‘ಅಲರ್’ ಹೆಸರಿನಲ್ಲಿ 2019ರಿಂದ ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತಿವೆ. ಪುಟ ತಿರುವುವ ಪ್ರಮೇಯವೇ ಇಲ್ಲವಲ್ಲ ಎಂದು ಮೇಷ್ಟ್ರು ಒಂದು ವಾರ ಮುನಿಸಿಕೊಂಡಿದ್ದರು. ಈಗ ಬಸ್ಸಿನಲ್ಲಿ ಕೂತು ಗುಟ್ಟಾಗಿ ಅದನ್ನೇ ನೋಡುತ್ತಾರೆ.

ಸಮಾನಾರ್ಥಕ ಪದಗಳ ಪಾಠದಲ್ಲಿ ಮಾತ್ರ ಅವರು ಸಿಕ್ಕಿಬಿದ್ದರು. ಅಮರಕೋಶದಲ್ಲಿ ಪದಗಳು ಅಕ್ಷರದ ಸಾಲಿನಲ್ಲಲ್ಲ, ಅರ್ಥದ ಗುಂಪಿನಲ್ಲಿವೆ, ಹಿಂದಿನವರು ಅದನ್ನು ಬಾಯಿಪಾಠ ಮಾಡುತ್ತಿದ್ದರು ಎಂದೆಲ್ಲ ಪೀಠಿಕೆ ಹಾಕಿ, ನೀರಿಗೆ ತಾವೇ ಒಂದು ಗುಂಪು ಮಾಡಿ ಬೋರ್ಡಿನ ಮೇಲೆ ಬರೆದರು: ಜಲ, ಉದಕ, ಸಲಿಲ, ತೀರ್ಥ. ಒಬ್ಬ ‘ಎಮ್ಮೆ ಕೆರೆಗಿಳಿದು ತೀರ್ಥ ಕುಡಿಯಿತು’ ಎಂದು ಬರೆದ. ಸಮಾನ ಎಂದರೆ ಅದೇ ಅಲ್ಲ, ಪದಕ್ಕೂ ಜಾಗ ಇರುತ್ತದೆ ಎಂದು ಅವರು ವಿವರಿಸುತ್ತಿರುವಾಗಲೇ ಇನ್ನೊಬ್ಬ ಎದ್ದ: ‘ನಮ್ಮ ಚಿಕ್ಕಪ್ಪ ದಿನಾ ರಾತ್ರಿ ತೀರ್ಥ ತಗೊಂಡೇ ಬರ್ತಾರೆ ಸಾರ್.’

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಖುದ್ದಾಗಿ ಸ್ಟಾಫ್ ರೂಮಿಗೆ ಬಂದರು. ‘ಏನ್ ಮೇಷ್ಟ್ರೇ, ಕ್ಲಾಸಲ್ಲಿ ನಮ್ಮನೆ ಮಾನ ಹರಾಜು ಹಾಕ್ತಿದ್ದೀರಂತೆ?’ ಮೇಷ್ಟ್ರು ಮಾತಾಡಲಿಲ್ಲ. ತಕಾರ ತೆಗೆದು, ಪುಸ್ತಕ ತಿರುಗಿಸಿ, ಸಾಲಿನ ಮೇಲೆ ಬೆರಳಿಟ್ಟು ‘ನೋಡಿ’ ಎಂದರು. ಚಿಕ್ಕಪ್ಪ ಓದಿದರು: ಪವಿತ್ರವಾದ ನೀರು. ಮತ್ತೊಮ್ಮೆ ಓದಿದರು. ಮುಖ ಅರಳಿತು. ಜೇಬಿನಿಂದ ಮೊಬೈಲ್ ತೆಗೆದು, ‘ಸ್ವಲ್ಪ ಹಂಗೇ ಹಿಡ್ಕೊಳ್ಳಿ ಮೇಷ್ಟ್ರೇ, ಮನೇಲಿ ತೋರಿಸ್ಬೇಕು’ ಎಂದು ಫೋಟೋ ಹೊಡೆದುಕೊಂಡರು.