ನಾಳಿಂದ ಪೈಲವಾನ

ತೊರವಿಯ ಓಣಿಯವರು ಅವನಿಗೆ ಇಟ್ಟ ಹೆಸರು ‘ನಾಳಿಂದ ಪೈಲವಾನ’. ಪಿಯುಸಿ ಮೊದಲ ವರ್ಷ, ಹದಿನಾರರ ವಯಸ್ಸು. ಮೀಸೆ ಬಂದಿದೆಯೋ ಇಲ್ಲವೋ ಎಂಬ ವಿಷಯದಲ್ಲಿ ಅವನಿಗೂ ಮನೆಯವರಿಗೂ ಇನ್ನೂ ಒಮ್ಮತವಾಗಿಲ್ಲ. ಆಯಿ ಹೊಲಿದ ಕೌದಿ ಹೊದಿಸಿ ತೂಗಿದರೂ ಐವತ್ತು ಕಿಲೋ ದಾಟದ ಮೈ. ಆದರೆ ನಾಳೆಯಿಂದ ಅವನು ಯಾವುದೋ ಒಂದು ಹೊಡೆದಾಟದ ಆಟಕ್ಕೆ ಸೇರುವವನಿದ್ದಾನೆ. ಯಾವುದಕ್ಕೆ ಎಂಬುದೊಂದೇ ಬಾಕಿ. ಆ ಬಾಕಿ ಸಂಕ್ರಮಣದಿಂದ ತೀರಿಲ್ಲ.

ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಕುಸ್ತಿ ನೋಡಿ ಬಂದದ್ದೇ ಎಲ್ಲಕ್ಕೂ ಮೂಲ. ಹಲಗೆಯ ಸದ್ದು, ಕೆಮ್ಮಣ್ಣು ಮೆತ್ತಿದ ಬೆನ್ನುಗಳು, ಗೆದ್ದವನನ್ನು ಹೆಗಲ ಮೇಲೆ ಹೊತ್ತು ಕುಣಿದ ಮಂದಿ. ಅಂದು ರಾತ್ರಿ ಊಟಕ್ಕೆ ಕುಳಿತವನು ಎರಡು ರೊಟ್ಟಿ ಹೆಚ್ಚಿಗೆ ಹಾಕಿಸಿಕೊಂಡು, “ಅವ್ವಾ, ನಾಳಿಂದ ಕುಸ್ತಿಗಿ ಹೊಂಟೀನಿ” ಎಂದ. ಮರುದಿನ ಮೊಬೈಲಿನಲ್ಲಿ ‘ಪೈಲ್ವಾನ್’ ಸಿನಿಮಾ ನೋಡಿದ. 2019ರ ಆ ಚಿತ್ರದಲ್ಲಿ ಸುದೀಪ್ ಮೊದಲು ಕುಸ್ತಿ ಆಡಿ, ಆಮೇಲೆ ಬಾಕ್ಸಿಂಗ್ ರಿಂಗಿಗೆ ಇಳಿಯುತ್ತಾರೆ. ಹುಡುಗನಿಗೆ ಸಂಶಯ ಹುಟ್ಟಿತು: ಕಡೆಗೆ ಬಾಕ್ಸಿಂಗಿಗೇ ಹೋಗುವುದಿದ್ದರೆ ನಡುವೆ ಕುಸ್ತಿಗೆ ಯಾಕೆ ವೇಳೆ ಹಾಳು ಮಾಡಬೇಕು?

ಅಲ್ಲಿಂದ ಅವನ ಅಭ್ಯಾಸ ಶುರುವಾಯಿತು. ಬಾಕ್ಸಿಂಗಿನಲ್ಲಿ 3 ನಿಮಿಷದ 3 ಸುತ್ತು, ಕುಸ್ತಿಯಲ್ಲಿ 3 ನಿಮಿಷದ 2 ಅವಧಿ, ಜೂಡೋದಲ್ಲಿ 4 ನಿಮಿಷಕ್ಕೆ ಎಲ್ಲ ಮುಗಿತು, ಇದೆಲ್ಲ ಅವನಿಗೆ ಬಾಯಿಪಾಠ. “ಟೆಕ್ವಾಂಡೊ 2000ದಾಗ ಒಲಿಂಪಿಕ್ಸ್ ಹೊಕ್ಕದ್ದು ಇನ್ನೂ ಗಟ್ಟಿ ಕುಂತೈತಿ ನೋಡ್ರಿ ಕಾಕಾ. ಕರಾಟೆ ಟೋಕಿಯೊದಾಗ ಒಮ್ಮಿ ಒಳಗ ಬಂದು ಹೊಳ್ಳಿ ಹೋತು” ಎಂದು ಚಹಾದಂಗಡಿಯಲ್ಲಿ ಕುಳಿತವರಿಗೆ ತಿಳಿಸಿ ಹೇಳುತ್ತಾನೆ. ಇಷ್ಟೆಲ್ಲ ತಿಳಿದವನನ್ನು “ಹಂಗಾರ ಇದನ್ನೆಲ್ಲಾ ನಮ್ಮ ಕಡೆ ಕಲಿಸೂದು ಎಲ್ಲೋ ತಮ್ಮಾ?” ಎಂದು ಕೇಳಿ ನೋಡಿ. “ಅದನ್ನ ಇನ್ನಾ ನೋಡಿಲ್ರಿ.”

ನೋಡಲು ದೂರವೇನಿಲ್ಲ. ಅಥಣಿ ರಸ್ತೆ ಹಿಡಿದು ಐದಾರು ಕಿಲೋಮೀಟರ್ ಹೋದರೆ ವಿಜಯಪುರ, ಅಲ್ಲಿ ಅಂಬೇಡ್ಕರ್ ಜಿಲ್ಲಾ ಕ್ರೀಡಾಂಗಣ. ದಿನಾ ಸೈಕಲ್ ತುಳಿದುಕೊಂಡು ಹೋಗಿ ಬಂದಿದ್ದರೆ ಇಷ್ಟರಲ್ಲಿ ಹೊಡೆದಾಟ ಬರದಿದ್ದರೂ ಸೈಕ್ಲಿಂಗಾದರೂ ಬಂದಿರುತ್ತಿತ್ತು. ಹೇಳಿ ಕೇಳಿ ಇದು ಸೈಕಲ್ ಪಟುಗಳ ಜಿಲ್ಲೆ.

ಬಾಕ್ಸಿಂಗ್ ಪರ್ವದಲ್ಲಿ ಅವನು ಪಂಚಿಂಗ್ ಬ್ಯಾಗ್ ಕೂಡ ಮಾಡಿದ. ಯೂರಿಯಾ ಚೀಲಕ್ಕೆ ತೊಗರಿ ಹೊಟ್ಟು ತುಂಬಿ, ಬಾಯಿಯನ್ನು ಸುತಳಿಯಿಂದ ಬಿಗಿದು, ಹಿತ್ತಲ ಬೇವಿನ ಟೊಂಗೆಗೆ ನೇತು ಹಾಕಿದ. ಕೈಗೆ ಅಪ್ಪನ ಹಳೆಯ ಟವಲ್ ಹರಿದು ಸುತ್ತಿಕೊಂಡ. ತಂಗಿಯ ಕೈಗೆ ಮೊಬೈಲ್ ಕೊಟ್ಟು ವಿಡಿಯೊ ಹಿಡಿಯಲು ನಿಲ್ಲಿಸಿದ. ಮೊದಲ ಗುದ್ದಿಗೆ ಚೀಲ ಅಲುಗಲಿಲ್ಲ. ಎರಡನೆಯದಕ್ಕೆ ಅತ್ತ ಹೋಗಿ, ಅವನು ಕ್ಯಾಮೆರಾ ನೋಡುತ್ತಿದ್ದಾಗ ಇತ್ತ ಬಂದು, ಅವನನ್ನು ನೆಲಕ್ಕೆ ಕೂಡಿಸಿಬಿಟ್ಟಿತು. ಮೂರನೆಯದಕ್ಕೆ ಸುತಳಿ ಬಿಚ್ಚಿ ಹೊಟ್ಟೆಲ್ಲ ಅಂಗಳದ ಪಾಲಾಯಿತು. ಕಟ್ಟಿದ ಎಮ್ಮೆ ಹಗ್ಗ ಜಗ್ಗಿಕೊಂಡು ಬಂದು ಬ್ಯಾಗನ್ನು ತಿಂದು ಮುಗಿಸಿತು. ಆ ವಿಡಿಯೊ ಅವನು ಎಲ್ಲಿಯೂ ಹಾಕಿಲ್ಲ. ತಂಗಿ ಹಾಕಿದ್ದಾಳೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ನ್ಯಾಯ. ಅಪ್ಪನಿಗೆ ತೋಟದ ದ್ರಾಕ್ಷಿ ಬಳ್ಳಿ ಸವರುವ ಚಿಂತೆ. “ಚಾಟ್ನಿಗಿ ಬಾ ಮಗನ, ನಾಲ್ಕು ದಿನ ಕತ್ತರಿ ಹಿಡಿ. ತೋಳು ತಾನ ಗಟ್ಟಿ ಆಗ್ತಾವ.” ಅವ್ವನಿಗೆ ಖುರಾಕಿನ ಚಿಂತೆ: ಕುಸ್ತಿ ಅಂದರೆ ಬಾದಾಮಿ, ತುಪ್ಪ, ಚರಿಗೆಗಟ್ಟಲೆ ಹಾಲು, ಕರಾಟೆಗೆ ಬರೀ ಬಿಳಿ ಅಂಗಿ, ಆದರೆ ಕರಿ ಮಣ್ಣಿನ ಊರಲ್ಲಿ ಅದನ್ನು ಒಗೆಯುವವರು ಯಾರು? ಆಯಿಯದು ಮಾತ್ರ ದೂರದೃಷ್ಟಿ. ಕುಸ್ತಿಯವರ ಕಿವಿ ಉಜ್ಜಿ ಉಜ್ಜಿ ಬಾತು ಮುದ್ದೆಗಟ್ಟುವುದನ್ನು ಆಕೆ ತನ್ನ ಅಣ್ಣತಮ್ಮಂದಿರಲ್ಲೇ ಕಂಡವಳು. “ಕಿವಿ ಕುಸ್ತಿಗಿ ಹೋತು, ಮೂಗು ಆ ಗುದ್ದಾಟಕ್ಕ ಹೋತು. ನಾಳಿ ಕನ್ಯಾ ಕೊಡಾವ್ರು ಏನ್ ನೋಡಿ ಕೊಡಬೇಕೋ ನಿನಗ?” ಹದಿನಾರು ವರ್ಷದವನಿಗೆ ಈ ಪ್ರಶ್ನೆ ಉಳಿದೆಲ್ಲವುಗಳಿಗಿಂತ ಬಲವಾಗಿ ತಾಗಿತು. ಒಂದು ವಾರ ಕನ್ನಡಿ ಮುಂದೆ ನಿಂತು, ಮೂಗು ಮೇಲೋ ಕಿವಿ ಮೇಲೋ ಎಂದು ತೂಗಿ ನೋಡಿದ. ಎರಡೂ ಉಳಿಯುವ ಆಟ ಜೂಡೋ ಎಂಬ ತೀರ್ಮಾನಕ್ಕೆ ಬಂದ. ಜೂಡೋ ಆಡುವವರಿಗೂ ಕಿವಿ ಬಾಯುತ್ತದೆ ಎಂಬ ಸುದ್ದಿ ಎರಡು ದಿನ ತಡವಾಗಿ ತಲುಪಿತು.

ಕಟ್ಟೆಯ ಹಿರಿಯರಿಗೆ ಇದೆಲ್ಲ ಮೋಜು. ತೊರವಿ ಅಂದರೆ ಸಾಮಾನ್ಯ ಊರೇ? ಕುಮಾರ ವಾಲ್ಮೀಕಿ ಕನ್ನಡದಲ್ಲಿ ರಾಮಾಯಣ ಬರೆದದ್ದು ಇಲ್ಲಿಯ ನರಸಿಂಹನನ್ನು ನಂಬಿ. “ವಾಲಿ-ಸುಗ್ರೀವರು ಕಾದಾಡಿದ್ರಲ್ಲೋ, ಅವರು ಯಾವ ಕ್ಲಾಸಿಗಿ ಹೋಗಿದ್ರು?” ಎಂದು ಒಬ್ಬರು ಕೆಣಕಿದರೆ, ಇನ್ನೊಬ್ಬರು ನರಸಿಂಹನನ್ನೇ ತೋರಿಸುತ್ತಾರೆ: ಕೈಗವಸಿಲ್ಲ, ಬೆಲ್ಟಿಲ್ಲ, ಒಂದೇ ಸುತ್ತಿನಲ್ಲಿ ಮುಗಿಸಿದ. ಹುಡುಗ ಅದಕ್ಕೂ ಉತ್ತರ ಇಟ್ಟುಕೊಂಡಿದ್ದಾನೆ. “ಉಗುರು ಬಿಟ್ಟಾವ್ರನ್ನ ಅಖಾಡದಾಗ ಇಳಸೂದಿಲ್ರಿ ಈಗ. ರೂಲ್ಸ್ ಐತಿ.” ಊರಿಗೆ ಇನ್ನೊಂದು ಹೆಗ್ಗಳಿಕೆಯೂ ಉಂಟು. ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಇಲ್ಲೇ ನವರಸಪುರ ಎಂಬ ಹೊಸ ರಾಜಧಾನಿ ಕಟ್ಟಲು ಹೊರಟಿದ್ದ. ಅದು ಮುಗಿಯಲಿಲ್ಲ, ಸಂಗೀತ ಮಹಲಿನ ಗೋಡೆಗಳು ಈಗಲೂ ನಿಂತಿವೆ. ಅರ್ಧಕ್ಕೆ ಬಿಟ್ಟವರನ್ನು ನೋಡಿದ ಊರು ಇದು. ಶುರುವನ್ನೇ ಮಾಡದವನನ್ನು ನೋಡುತ್ತಿರುವುದು ಈಗ.

ಒಮ್ಮೆ ಮಾತ್ರ ತಾಲೀಮಿನ ತನಕ ಹೋಗಿ ಬಂದ. ಹೊತ್ತು ಏರಿತ್ತು. ವಸ್ತಾದರು ಹನಮಪ್ಪನ ಪಟಕ್ಕೆ ಊದಿನಕಡ್ಡಿ ಹಚ್ಚುತ್ತಿದ್ದರು. ಪಕ್ಕದಲ್ಲಿ ಅಖಾಡದ ಮಣ್ಣಿಗೆ ಬೆರೆಸಲು ಎಣ್ಣೆ, ಮಜ್ಜಿಗೆ, ಅರಿಶಿನ, ಒಂದು ಬುಟ್ಟಿ ಇಂಡಿ ಲಿಂಬಿಹಣ್ಣು. ಹುಡುಗ ಕೈಕಟ್ಟಿ ನಿಂತು ಕೇಳಿದ: “ಗುರುಗಳ, ಮೊದಲನೇ ಸಲ ಕಲಿಯಾವ್ರಿಗಿ ಯಾವ ಆಟ ಬೆಸ್ಟ್ ರೀ? ಕುಸ್ತಿನೋ, ಬಾಕ್ಸಿಂಗೋ, ಜೂಡೋನೋ?”

“ಮುಂಜಾನಿ ಎಷ್ಟಕ್ಕ ಏಳ್ತಿ?”

“ಎಂಟಕ್ಕರಿ. ಆಯಿತವಾರ ಇನ್ನಾ ಸ್ವಲ್ಪ…”

ವಸ್ತಾದರು ಮೂಲೆಯಲ್ಲಿದ್ದ ಸಲಿಕೆ ತಂದು ಅವನ ಕೈಗೆ ಕೊಟ್ಟರು. ಹೊಸಬರಿಗೆ ಮೊದಲ ಪಾಠ ಮಣ್ಣು ಅಗೆದು ಹದ ಮಾಡುವುದು. ಬಸ್ಕಿ, ದಂಡ, ಪಟ್ಟು, ಎಲ್ಲ ಆಮೇಲೆ. ಬಿದ್ದಾಗ ಎಲುಬು ಮುರಿಯಬಾರದೆಂದರೆ ಮಣ್ಣು ಮೆತ್ತಗಿರಬೇಕು. ಆ ಮಣ್ಣು ಅಗೆಯುವಾಗಲೇ ಹೆಗಲು, ಸೊಂಟ, ಉಸಿರು ಮೂರೂ ಪಳಗುತ್ತವೆ. ಹುಡುಗ ಅಖಾಡದ ಕಾಲು ಭಾಗ ಅಗೆದ. ಅಂಗೈಯಲ್ಲಿ ಎರಡು ಬೊಬ್ಬೆ ಎದ್ದವು. ಮನೆಗೆ ಬಂದವನು, ಕೈ ಕೆಟ್ಟರೆ ಮುಂದೆ ಬಾಕ್ಸಿಂಗಿಗೆ ತೊಂದರೆ ಎಂದು ಹೇಳಿ ಅರಿಶಿನ ಹಚ್ಚಿಕೊಂಡು ಮಲಗಿದ.

ಈ ನಡುವೆ ಎಂಟನೆಯ ತರಗತಿಯ ತಂಗಿಗೆ ಕರಾಟೆ ಬಂದುಬಿಟ್ಟಿತು. ಹೆಣ್ಣುಮಕ್ಕಳ ಆತ್ಮರಕ್ಷಣೆಗೆಂದು ಸರ್ಕಾರಿ ಶಾಲೆಗಳಲ್ಲಿ ಕಲಿಸುತ್ತಾರಲ್ಲ, ಅದು. ಹೇಗೆ ಆರಿಸಿಕೊಂಡೆ ಎಂದು ಕೇಳಿದ್ದಕ್ಕೆ ಆಕೆ, “ಆರಿಸೂದೇನು? ಸರ್ ಸಾಲಾಗಿ ನಿಲ್ರಿ ಅಂದ್ರು, ನಿಂತೆ” ಎಂದಳು. ಅಣ್ಣ ಆಕೆಯ ನಿಲುವಿನಲ್ಲಿ ಮೂರು ತಪ್ಪು ಹುಡುಕಿದ. ನಾಲ್ಕನೆಯದನ್ನು ತೋರಿಸಲು ಹತ್ತಿರ ಹೋದಾಗ ಆಕೆಯ ಕಾಲು ಅವನ ತೊಡೆಗೆ ತಾಗಿತು. ಆ ದಿನದಿಂದ ಕರಾಟೆಯನ್ನು ಪಟ್ಟಿಯಿಂದ ತೆಗೆದಿದ್ದಾನೆ. ಒಲಿಂಪಿಕ್ಸಿನಲ್ಲಿ ಇಲ್ಲ ಎಂಬ ಕಾರಣಕ್ಕೆ.

ಅವನ ಕಾಲೇಜಿನ ಪಿಟಿ ಸರ್ ಒಳ್ಳೆಯ ಮನಸ್ಸಿನಿಂದ ಮಲಪ್ರಭಾ ಜಾಧವ್ ಅವರ ಕಥೆ ಹೇಳಿದರು. ಬೆಳಗಾವಿ ಜಿಲ್ಲೆಯ ತುಮ್ಮರಗುದ್ದಿಯ ಹುಡುಗಿ, ಕಲಿತದ್ದು ಜೂಡೋ. 2018ರ ಜಕಾರ್ತ ಏಷ್ಯನ್ ಗೇಮ್ಸಿನಲ್ಲಿ ಕಂಚು ಗೆದ್ದದ್ದು ಕುರಾಶ್ ಎಂಬ ಆಟದಲ್ಲಿ, ನಮ್ಮಲ್ಲಿ ಬಹಳ ಮಂದಿ ಅಲ್ಲಿಯ ತನಕ ಹೆಸರೂ ಕೇಳದಿದ್ದ ಉಜ್ಬೇಕಿಸ್ತಾನದ ಮಲ್ಲಯುದ್ಧದಲ್ಲಿ. ಯಾವುದೋ ಒಂದು ಹಿಡಿ, ಬೀಳುವುದು ಏಳುವುದು ಕಲಿ, ಮುಂದಿನದು ತಾನೇ ತೆರೆದುಕೊಳ್ಳುತ್ತದೆ ಎಂಬುದು ಸರ್ ಅವರ ಮಾತಿನ ತಾತ್ಪರ್ಯ. ಹುಡುಗ ತಲೆ ಆಡಿಸುತ್ತಾ ಕೇಳಿಸಿಕೊಂಡ. ಸಂಜೆ ಚಹಾದಂಗಡಿಯಲ್ಲಿ ಘೋಷಿಸಿದ: “ನಾಳಿಂದ ಕುರಾಶ್!” ಉಜ್ಬೇಕಿಸ್ತಾನಕ್ಕೆ ವೀಸಾ ಹೇಗೆ ಎಂದು ಸದ್ಯ ಹುಡುಕುತ್ತಿದ್ದಾನೆ.

ಓದುಗರಲ್ಲಿ ಒಂದು ವಿನಂತಿ. ತೊರವಿ ಕಡೆ ಬಂದಾಗ ಅವನು ನಿಮ್ಮನ್ನು ತಡೆದು ಯಾವ ಆಟಕ್ಕೆ ಸೇರಲಿ ಎಂದು ಕೇಳಿದರೆ, ಕುಸ್ತಿ ಎನ್ನಿ, ಬಾಕ್ಸಿಂಗ್ ಎನ್ನಿ, ಬಾಯಿಗೆ ಬಂದದ್ದು ಎನ್ನಿ. ಆದರೆ ಕತ್ತಿ ಹಿಡಿದು ಆಡುವ ಫೆನ್ಸಿಂಗ್ ಎಂಬುದೊಂದು ಒಲಿಂಪಿಕ್ಸಿನಲ್ಲಿದೆ ಎಂದು ಮಾತ್ರ, ನಿಮಗೆ ಕೈ ಮುಗಿಯುತ್ತೇನೆ, ಹೇಳಬೇಡಿ. ಅಪ್ಪನ ಚಾಟ್ನಿ ಕತ್ತರಿಗಳು ಹೊಸವು.