ಹಾಡಿಗೆ ಬಾಂದುಕಲ್ಲು

ಒಂದು ಹಾಡು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಕುಣಿಯುವವರಿಗೆ ಗೊತ್ತಾಗದಂತೆ ಮಾಡುವುದೇ ಡಿಜೆಯ ಕಸುಬು. ಗೊತ್ತಾದರೆ ಅವನಿಗೆ ಅವಮಾನ. ಸಿಡಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಇದು ಒಂದನೆಯದು, ಇದು ಎರಡನೆಯದು ಎಂದು ನಂಬರು ಹಚ್ಚದಿದ್ದರೆ ಅದಕ್ಕೆ ಸಮಾಧಾನವಿಲ್ಲ. ಇವರಿಬ್ಬರ ನಡುವೆ ರಾಜಿ ಮಾಡಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದವರು ನಮ್ಮ ಭಾವ.

ಭಾವನ ಮಗ ವಾರಾಂತ್ಯದ ಡಿಜೆ. ಅವನ ಮನೆದೇವರು ಸಾಶಾ ಮತ್ತು ಜಾನ್ ಡಿಗ್ವೀಡ್. ಅವರು 1996ರಲ್ಲಿ ತಂದ ‘ನಾರ್ದರ್ನ್ ಎಕ್ಸ್‌ಪೋಶರ್’ ಕೇಳಿ ಬೆಳೆದ ಹುಡುಗ, ಈಗ ಆರತಕ್ಷತೆಗಳಲ್ಲಿ ಅತ್ತೆಯಂದಿರು ಚೀಟಿ ಕಳಿಸಿದ ಹಾಡು ಹಾಕುತ್ತಾನೆ. ಅಂಥದೊಂದು ಮಿಕ್ಸನ್ನು ಸಿಡಿ ಮಾಡಿ ಅಪ್ಪನಿಗೆ ಕೊಟ್ಟಿದ್ದ. ಭಾವನದು ಹಳೇ ಕಾರು, ಅದರಲ್ಲಿ ಸಿಡಿ ಬಿಟ್ಟರೆ ಬೇರೆ ಗತಿಯಿಲ್ಲ. ಇಡೀ ಮಿಕ್ಸು ಒಂದೇ ಟ್ರ್ಯಾಕು. ಮುಕ್ಕಾಲು ಗಂಟೆಯ ಹೊತ್ತಿಗೆ ಬರುವ ತಮ್ಮ ಇಷ್ಟದ ಹಾಡು ಬೇಕೆಂದರೆ ಗುಂಡಿ ಒತ್ತಿಹಿಡಿದು ಕೂರಬೇಕು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅಷ್ಟು ಪುರುಸೊತ್ತು ಸಿಗುತ್ತದೆ, ನಿಜ. ಉಳಿದ ಸಿಗ್ನಲ್ಲುಗಳು ಅಷ್ಟು ಉದಾರಿಗಳಲ್ಲ.

ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ಹಾಡು ಪರದೆಯ ತುಂಬ ಅಲೆಅಲೆಯಾಗಿ ಹರಡಿಕೊಳ್ಳುತ್ತದೆ. ಬೇಕಾದಲ್ಲಿ ಕಂಟ್ರೋಲ್ ಬಿ ಒತ್ತಿದರೆ ಒಂದು ಲೇಬಲ್, ಸರ್ವೆಯವರು ಬಾಂದುಕಲ್ಲು ನೆಟ್ಟ ಹಾಗೆ. ಅಣ್ಣತಮ್ಮಂದಿರ ಹೊಲ ಅಳೆಯುವಾಗ ಏಳುವ ತಕರಾರೆಲ್ಲ ಇಲ್ಲೂ ಎದ್ದವು. ನಿಮಿಷಕ್ಕೆ 120 ಬೀಟಿನ ಎರಡು ಹಾಡುಗಳನ್ನು 64 ಬೀಟಿನುದ್ದ ಬೆರೆಸಿದರೆ 32 ಸೆಕೆಂಡು ಎರಡೂ ಒಟ್ಟಿಗೇ ಓಡುತ್ತವೆ. ಆ ಜಾಗ ಯಾರ ಖಾತೆಗೆ?

“ಮಾವ, ಹೊಸ ಹಾಡಿನ ಹೈ-ಹ್ಯಾಟ್ ಕೇಳಿಸ್ತಲ್ಲ, ಅಲ್ಲಿಂದಲೇ ಹಾಕಿ” ಎಂದ ಹುಡುಗ.

“ಗಾಯಕಿ ಬಾಯಿ ಬಿಟ್ಟಲ್ಲಿಂದ ಹಾಡು ಕಣಯ್ಯ. ಅದಕ್ಕೆ ಮುಂಚಿನದೆಲ್ಲ ಬರೀ ಗಲಾಟೆ” ಎಂದರು ಭಾವ.

ಅಡುಗೆಮನೆಯಿಂದ ಅಕ್ಕ, “ಇಷ್ಟೊತ್ತೂ ಒಂದೇ ಹಾಡು ಅಂದ್ಕೊಂಡಿದ್ದೆ” ಎಂದಳು. ಮಗನಿಗೆ ಸಿಕ್ಕ ದೊಡ್ಡ ಪ್ರಶಸ್ತಿ ಅದೇ, ಆದರೆ ಅವನ ಮುಖ ನೋಡಿದರೆ ಹಾಗನ್ನಿಸಲಿಲ್ಲ.

ನನ್ನ ತೀರ್ಪು ಬೇಸ್ ಕಡೆಗೆ. ಡಿಜೆ ಹಳೆಯ ಹಾಡಿನ ಬೇಸ್ ಇಳಿಸಿ ಹೊಸದರ ಬೇಸ್ ಏರಿಸುವ ಒಂದು ಗಳಿಗೆ ಇರುತ್ತದೆ. ಯಜಮಾನಿಕೆ ಕೈಬದಲಾಗುವುದು ಅಲ್ಲಿಯೇ. ಅದರ ಮೊದಲ ಬೀಟಿಗೆ ಗುರುತು ಹಾಕಿದರೆ, ನೇರ ಅಲ್ಲಿಗೇ ಹೋಗಿ ಕೇಳಿದರೂ ಹಾಡು ನಡುವೆ ಕತ್ತರಿಸಿದಂತೆ ಅನ್ನಿಸುವುದಿಲ್ಲ.

ಗುರುತು ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹುಡುಗನ ಹಿಂದಿನ ಮಿಕ್ಸೊಂದನ್ನು ಯಾವುದೋ ಅಂಗಡಿಯವನು ತುಂಡು ಮಾಡಿ ಸಿಡಿಗೆ ಬರೆದುಕೊಟ್ಟಿದ್ದ. ನಂಟರ ಮನೆಯ ಅರಿಸಿನ ಶಾಸ್ತ್ರದಲ್ಲಿ ಅದನ್ನು ಹಾಕಿದರೆ ಪ್ರತಿ ಹಾಡಿನ ಕೊನೆಗೆ ಎರಡು ಸೆಕೆಂಡು ಮೌನ. ಎತ್ತಿದ ಕೈ ಎತ್ತಿದ ಹಾಗೇ, ಬಾಗಿದ ಸೊಂಟ ಬಾಗಿದ ಹಾಗೇ. ಪ್ರತಿ ಸಲವೂ ಚಿಕ್ಕಮ್ಮನೊಬ್ಬರು “ಕರೆಂಟ್ ಹೋಯ್ತಾ?” ಎನ್ನುತ್ತಿದ್ದರಂತೆ. ಟ್ರ್ಯಾಕುಗಳನ್ನು ಒಂದೊಂದಾಗಿ ಬರೆಯುವಾಗ ಈ ಎರಡು ಸೆಕೆಂಡು ತಾನಾಗಿಯೇ ಸೇರಿಕೊಳ್ಳುತ್ತದೆ. ‘ಡಿಸ್ಕ್ ಆಟ್ ಒನ್ಸ್’ ಆರಿಸಿ, ವಿರಾಮವನ್ನು ಸೊನ್ನೆಗೆ ಇಳಿಸಿದರೆ ತೊಲಗುತ್ತದೆ.

ಅಷ್ಟಾದರೂ ಕೆಲವು ಸಿಡಿಗಳಲ್ಲಿ ಹಾಡು ದಾಟುವಾಗ ‘ಟಕ್’ ಎನ್ನುತ್ತದೆ. ಸಿಡಿಯಲ್ಲಿ ಸೆಕೆಂಡಿಗೆ 44,100 ಮಾದರಿಗಳು, ಅವು 588ರಂತೆ 75 ಕಂತೆಗಳಲ್ಲಿ ಕೂರುತ್ತವೆ. ಕಂತೆಯ ಮಧ್ಯೆ ಕತ್ತರಿ ಆಡಿಸಿದರೆ ಉಳಿದ ಜಾಗಕ್ಕೆ ಮೌನ ತುಂಬಿಸಲಾಗುತ್ತದೆ, ಆ ಸದ್ದು ಅದರದೇ. ಎಂಪಿ3 ಆದರೆ ಇನ್ನೂ ಕಷ್ಟ, ಅದು ಹಿಂದೆ ಮುಂದೆ ತನ್ನದೇ ಒಂದಿಷ್ಟು ಮೌನ ಸೇರಿಸಿಕೊಂಡೇ ಬರುತ್ತದೆ. ಹಾಗಾಗಿ ವೇವ್ ಫೈಲೇ ವಾಸಿ. ಅದಕ್ಕಿಂತ ವಾಸಿ, ಕತ್ತರಿಸದೇ ಇರುವುದು: ಹೊಲವನ್ನು ಇಡಿಯಾಗಿ ಬಿಟ್ಟು ನಕ್ಷೆಯಲ್ಲಷ್ಟೇ ಗೆರೆ ಎಳೆಯುವ ಕ್ಯೂ ಶೀಟ್ ಇದೆ. ಯಾವ ಹಾಡು ಎಷ್ಟನೆಯ ನಿಮಿಷ, ಸೆಕೆಂಡು, ಕಂತೆಗೆ ಶುರು ಎಂದು ಬರೆದ ಸಾದಾ ಪಠ್ಯದ ಕಡತ ಅದು. 99 ಟ್ರ್ಯಾಕು ಮೀರಬಾರದು, ಯಾವುದೂ 4 ಸೆಕೆಂಡಿಗಿಂತ ಚಿಕ್ಕದಿರಬಾರದು. ನಮ್ಮ ಹುಡುಗನಿಗೆ ಅಷ್ಟು ಉದಾರ ಕಾನೂನು ಸಾಕೋ ಸಾಕು.

ಭಾವ ಈಗ ಗುಂಡಿಯನ್ನು ಟಕಟಕ ಒತ್ತಿ ತಮ್ಮ ಹಾಡಿಗೆ ಹೋಗುತ್ತಾರೆ, ಮುಗಿದೊಡನೆ ಮತ್ತೆ ಅದನ್ನೇ ಹಾಕುತ್ತಾರೆ. ಮಗ ಬೆವರು ಸುರಿಸಿ ಬೆರೆಸಿದ ಉಳಿದ ಮಿಕ್ಸನ್ನು ಕಾರಿನಲ್ಲಿ ಯಾರೂ ಕೇಳಿಲ್ಲ. ನಿಮ್ಮ ಮನೆಯಲ್ಲೂ ಡಿಜೆ ಇದ್ದು ಇಂಥ ಕೆಲಸ ಬಂದರೆ, ಆ ಎರಡು ಸೆಕೆಂಡನ್ನು ಮರೆಯದೆ ಸೊನ್ನೆ ಮಾಡಿ. ಲೇಬಲ್ ಎಲ್ಲಿ ಹಾಕಬೇಕೆಂದು ಮಾತ್ರ ಮನೆಮಂದಿಯನ್ನು ಕೇಳಬೇಡಿ.